ಮೂಲೆಯ ಮಣ್ಣು

ಕಳೆ ಕೀಳಲು ಬಂದ ಹೆಂಗಸರ ಜಡೆ ಬಿಚ್ಚಿಸಿದರು. ಹೊಲದ ಬದುವಿನ ಮೇಲೆ, ಹಾಡಹಗಲಲ್ಲಿ, ಟ್ರ್ಯಾಕ್ಟರಿನ ಗಂಡಸರು ಕಾಲು ಇಳಿಬಿಟ್ಟು ಕೂತು ನೋಡುತ್ತಿರುವಾಗ ಬಿಚ್ಚಿಸಿದರು.

ಮೇಸ್ತ್ರಿ ಒಂದು ಪ್ಲಾಸ್ಟಿಕ್ ಟಬ್ಬಿಗೆ ನೀರು ತುಂಬಿಸಿ ಇಟ್ಟಿದ್ದ. ಪಕ್ಕದಲ್ಲಿ ಹಳೇ ಗೋಣಿತಾಟು ಹಾಸಿದ್ದ. ಒಬ್ಬೊಬ್ಬಳೇ ಬರಬೇಕು. ಟಬ್ಬಿನಲ್ಲಿ ಕಾಲು ಅದ್ದಿ ಬೆರಳ ಸಂದಿ ಉಜ್ಜಬೇಕು. ತಾಟಿನ ಮೇಲೆ ನಿಂತು ಬಟ್ಟೆಯ ಅಂಚು ಕೊಡವಬೇಕು. ಬಗ್ಗಿ, ಜಡೆ ಬಿಚ್ಚಿ, ಕೂದಲಲ್ಲಿ ಬೆರಳಾಡಿಸಿ ಉದುರಿಸಬೇಕು. ಆಮೇಲೆ ಹೊಲಕ್ಕೆ ಇಳಿಯಬಹುದು. ಯಾಕೆಂದರೆ ಹೊಲದಲ್ಲಿ ಕಳೆ ಹೆಚ್ಚಾಗಿದೆ. ಕಳೆಯ ಬೀಜ ಈ ಹೆಂಗಸರು ಗುಡಿಸಲಿನಿಂದ ಮೈಮೇಲೆ ಹೊತ್ತು ತರುತ್ತಿದ್ದಾರೆ ಎಂದು ಯಜಮಾನರಿಗೆ ಅನ್ನಿಸಿದೆ. ಯಜಮಾನರಿಗೆ ಸಂಜೆ ಅನ್ನಿಸಿದ್ದು ಬೆಳಗಾಗುವಷ್ಟರಲ್ಲಿ ಕಾನೂನು.

"ತಲೇಲಿ ಹೇನೂ ಇದೆ ಮೇಸ್ತ್ರಿ. ಅದನ್ನೂ ಇಲ್ಲೇ ಉದುರಿಸ್ಲಾ, ಮನೆಗೆ ವಾಪಸ್ ತಗೊಂಡು ಹೋಗ್ಲಾ?" ಎಂದಳು ಅತ್ತೆ.

ಹೆಂಗಸರು ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕರು. ಅತ್ತೆ ಗುಂಪಿನ ಹಿರಿಯಳು. ಬುದ್ಧಿ ಬಂದಾಗಿನಿಂದ ಕಂಡವರ ಹೊಲದಲ್ಲಿ ಬಗ್ಗಿ ಬಗ್ಗಿ ಈಗ ನೆಟ್ಟಗೆ ನಿಂತರೂ ಏನೋ ಹುಡುಕುತ್ತಿರುವವಳ ಹಾಗೆ ಕಾಣುತ್ತಾಳೆ. ನಿಜಕ್ಕೆ ಅವಳು ಒಬ್ಬಳಿಗೆ ಮಾತ್ರ ಅತ್ತೆ. ಸೊಸೆ ಕರೆಯುವುದನ್ನು ಕೇಳಿ ಕೇಳಿ ಗುಂಪಿಗೆಲ್ಲ ಅತ್ತೆಯಾದಳು. ಯಾರು ಏನಂದರೂ ಅವಳ ಬಳಿ ತಿರುಗಿ ಕೊಡಲು ಒಂದು ಮಾತು ಇದ್ದೇ ಇರುತ್ತಿತ್ತು.

ಅವಳ ಸರದಿ ಬಂತು. ಕಾಲು ತೊಳೆದಳು. ಅಂಚು ಕೊಡವಿದಳು. ಬಗ್ಗಿ ತುರುಬು ಬಿಚ್ಚಿದಳು. ಬಿಚ್ಚಿದ ಕೂಡಲೇ ಒಳಗಿದ್ದ ಚೌರಿ ಕಳಚಿ ತಾಟಿನ ಮೇಲೆ ಬಿತ್ತು. ಕೂದಲು ಉದುರಿ, ಉಳಿದಷ್ಟಕ್ಕೆ ಗಂಟು ನಿಲ್ಲದೆ, ಎಷ್ಟೋ ವರ್ಷದಿಂದ ಆ ಸುಳ್ಳು ಕೂದಲನ್ನು ಸೇರಿಸಿ ಕಟ್ಟುತ್ತಿದ್ದಳು. ಸೊಸೆಯನ್ನು ಬಿಟ್ಟು ಯಾರಿಗೂ ಅದು ಗೊತ್ತಿರಲಿಲ್ಲ. ಟ್ರ್ಯಾಕ್ಟರಿನಿಂದ ಒಬ್ಬ ಹಾರಿ ಬಂದು ಅದನ್ನು ಕಡ್ಡಿಯಿಂದ ಎತ್ತಿ ಹಿಡಿದ. "ಸತ್ತ ಇಲಿ ಕಣ್ರೋ" ಎಂದ. ಗಂಡಸರು ಬಿದ್ದು ಬಿದ್ದು ನಕ್ಕರು. ಮೇಸ್ತ್ರಿಯೂ ನಕ್ಕ.

ಅತ್ತೆ ಬೋಳಾದ ನೆತ್ತಿಯ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತಳು. ಆಮೇಲೆ ತಲೆಗೆ ಬಟ್ಟೆ ಬಿಗಿದುಕೊಂಡು, ಯಾರ ಮುಖವನ್ನೂ ನೋಡದೆ ಹೊಲಕ್ಕೆ ಇಳಿದಳು. ಚೌರಿ ಅಲ್ಲೇ ಬಿದ್ದಿತ್ತು. ಸೊಸೆ ಅದನ್ನು ಎತ್ತಿಕೊಂಡು, ಮಣ್ಣು ಕೊಡವಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೀಜ ಯಾರ ಜಡೆಯಿಂದಲೂ ಬಂದದ್ದಲ್ಲವೆಂದು ಅವಳಿಗೆ ಗೊತ್ತಿತ್ತು. ಅದು ಅವಳು ಬಿಟ್ಟ ಬೀಜ.

ಸೊಸೆಯನ್ನು ಎಲ್ಲರೂ ಕರೆಯುವುದು ಕೊನೆಸಾಲು ಎಂದು. ಗುಂಪು ಹೊಲಕ್ಕೆ ಇಳಿದಾಗ ಒಬ್ಬೊಬ್ಬರಿಗೆ ಒಂದೊಂದು ಸಂದಿ ಹಂಚುತ್ತಾರೆ. ಬದುವಿನ ಪಕ್ಕದ ಕೊನೆಯ ಸಾಲು ಯಾರಿಗೂ ಬೇಡ. ಅಲ್ಲಿ ನೀರು ನಿಂತು ಮಣ್ಣು ಕಾಲಿಗೆ ಅಂಟುತ್ತದೆ, ಮುಳ್ಳು ಜಾಸ್ತಿ, ಕಳೆ ಜಾಸ್ತಿ. ಅವಳು ಮಾತ್ರ ವರ್ಷ ವರ್ಷವೂ ಕೇಳಿ ಅದನ್ನೇ ತೆಗೆದುಕೊಳ್ಳುತ್ತಿದ್ದಳು. "ಕೊನೆಸಾಲು ಎಲ್ಲಿದ್ದಾಳೆ?" "ಇನ್ನೆಲ್ಲಿರ್ತಾಳೆ, ಕೊನೆಸಾಲಲ್ಲೇ." ಇದು ಗುಂಪಿನ ಹಳೇ ತಮಾಷೆ. ಹಳತಾದರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಅದು ಅಕ್ಕಡಿ ಹೊಲ. ಜೋಳದ ಸಾಲುಗಳ ನಡುವೆ ತೊಗರಿಯ ಸಾಲು. ಒಂದೇ ಬೆಳೆಯಾದರೆ ಯಂತ್ರ ಹೋಗುತ್ತದೆ. ಇಲ್ಲಿ ಒಂದು ಎತ್ತರ, ಒಂದು ಗಿಡ್ಡ, ಸಂದಿ ಇಕ್ಕಟ್ಟು, ಯಂತ್ರ ನುಗ್ಗುವುದಿಲ್ಲ. ಔಷಧಿ ಹೊಡೆದರೆ ಜೋಳ ಉಳಿದು ತೊಗರಿ ಸಾಯುತ್ತದೆ. ಹಾಗಾಗಿ ಹೆಂಗಸರು ಬೇಕು. ಕುಕ್ಕರುಗಾಲಲ್ಲಿ ಕೂತು, ಕಳೆಗುದ್ದಲಿ ಆಡಿಸುತ್ತ, ಕೂತ ಹಾಗೇ ಮುಂದೆ ತೆವಳಬೇಕು. ಮಧ್ಯಾಹ್ನದ ಹೊತ್ತಿಗೆ ಮಂಡಿ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಜೋಳದ ಗರಿ ಕತ್ತು, ಕೆನ್ನೆ, ಕಣ್ಣಿನ ಅಂಚು ಕುಯ್ಯುತ್ತದೆ. ಬೆವರು ಆ ಗೀರುಗಳಿಗೆ ಇಳಿಯುತ್ತದೆ. ಬೆರಳುಗಳ ತುದಿ ಒಡೆದು ಹಸಿರು ಕೂತು ಮದುವೆ ಮನೆಗೆ ಹೋದರೂ ಕೈ ಮುಚ್ಚಿಕೊಳ್ಳಬೇಕು. ಅನ್ನ ತಿನ್ನುವವರು ಯಾರೂ ಆ ಕೈಗಳನ್ನು ನೋಡಿಲ್ಲ, ನೋಡಿದರೆ ಊಟ ಬಿಡುತ್ತಿದ್ದರೇನೋ, ಅದೂ ಅನುಮಾನ.

ಅವಳು ಹೆತ್ತದ್ದು ಈ ಹೊಲದಲ್ಲಿ.

ಆ ವರ್ಷ ಕಳೆಯ ಕೆಲಸ ಜೋರಾಗಿತ್ತು. ಅವಳಿಗೆ ತಿಂಗಳು ತುಂಬಿತ್ತು. ಬೆಳಿಗ್ಗೆಯಿಂದ ಸೊಂಟದಲ್ಲಿ ನೋವು ಬಂದು ಬಂದು ಹೋಗುತ್ತಿತ್ತು. ಕಳೆ ಕೀಳುವವಳಿಗೆ ಸೊಂಟನೋವು ಹೊಸದಲ್ಲ, ತಡೆದುಕೊಂಡಳು. ಬಿಸಿಲು ಏರಿದ ಮೇಲೆ ಇದು ಬೇರೆ ನೋವು ಎಂದು ಗೊತ್ತಾಯಿತು. ಎದ್ದು ಬದುವಿಗೆ ಹೋದಳು. ಯಜಮಾನರು ಕೊಡೆ ಹಿಡಿದು ಅಲ್ಲೇ ನಿಂತಿದ್ದರು.

"ನೋವು ಬರ್ತಿದೆ ಯಜಮಾನ್ರೇ. ಮನೆಗೆ ಹೋಗ್ತೀನಿ."

"ಎಷ್ಟುಳಿದಿದೆ ನಿನ್ನ ಸಾಲು?"

"ಸ್ವಲ್ಪ ಇದೆ."

"ಸ್ವಲ್ಪ ತಾನೇ. ಮುಗಿಸಿ ಹೋಗು. ನೀನು ಎದ್ದರೆ ಎಲ್ಲಾರೂ ಏಳ್ತಾರೆ."

ಅವಳು ವಾಪಸ್ಸು ಹೋಗಿ ಕೂತಳು. ಯಾಕೆ ಕೂತೆ ಎಂದು ಆಮೇಲೆ ಅವಳು ತನ್ನನ್ನು ತಾನು ಕೇಳಿಕೊಳ್ಳದ ದಿನವಿಲ್ಲ. ಎದ್ದು ನಡೆದುಬಿಡಬಹುದಿತ್ತು. ಯಾರೂ ಕಾಲು ಕಟ್ಟಿಹಾಕಿರಲಿಲ್ಲ. ಆದರೆ ಹುಟ್ಟಿದಂದಿನಿಂದ ಕೂತುಕೋ ಎಂದರೆ ಕೂತ ಕಾಲುಗಳು ಅವು. ಸಾಲಿನ ತುದಿಯಲ್ಲಿ, ಮೂಲೆಯಲ್ಲಿ, ಇನ್ನು ನಾಲ್ಕು ಮಾರು ಇರುವಾಗ ನೀರು ಒಡೆಯಿತು. ಅತ್ತೆ ಓಡಿ ಬಂದಳು. ಹೆಂಗಸರು ಸುತ್ತ ನಿಂತು ಬಟ್ಟೆ ಹಿಡಿದರು. ಹೊಕ್ಕುಳಬಳ್ಳಿಯನ್ನು ಅತ್ತೆ ಕಳೆಗುದ್ದಲಿಯಿಂದಲೇ ಕೊಯ್ದಳು.

ಹೆಣ್ಣು ಮಗು. ಅಳುವ ಬದಲು ಬಿಕ್ಕಿದ ಹಾಗೆ ಒಂದು ಸದ್ದು ಮಾಡಿತು. ತಾಯಿಯ ಎದೆಯ ಮೇಲೆ ಕೊಂಚ ಹೊತ್ತು ಬೆಚ್ಚಗೆ ಮಲಗಿತ್ತು. ಅದರ ಹಣೆಗೆ ಮಣ್ಣು ಮೆತ್ತಿತ್ತು. ಅವಳು ನಾಲಿಗೆಯಿಂದ ಬಟ್ಟೆ ತೇವ ಮಾಡಿ ಅದನ್ನು ಒರೆಸುತ್ತಿದ್ದಳು. ಒರೆಸುತ್ತಿರುವಾಗಲೇ ಅದರ ಉಸಿರು ನಿಂತಿತು. ಅವಳು ಇನ್ನೂ ಒರೆಸುತ್ತಿದ್ದಳು. ಅತ್ತೆ ಅವಳ ಕೈ ಹಿಡಿದುಕೊಂಡಳು.

ಗುಡಿಸಲಿನವರಿಗೆ ಸ್ವಂತ ಸ್ಮಶಾನವಿರಲಿಲ್ಲ. ಸತ್ತವರನ್ನು ಹೊಳೆಯ ದಂಡೆಯಲ್ಲಿ ಹೂಳುತ್ತಿದ್ದರು. ಅವತ್ತು ಹೊಳೆ ತುಂಬಿ ದಂಡೆಯೇ ಕಾಣುತ್ತಿರಲಿಲ್ಲ. ಯಜಮಾನರು ಬಂದು ದೂರದಲ್ಲೇ ನಿಂತರು. "ಊರಲ್ಲಿ ಹೇಳ್ಕೊಂಡು ತಿರುಗಬೇಡಿ. ಇಲ್ಲೇ ಮೂಲೇಲಿ ಮಾಡಿ ಮುಗಿಸಿ" ಎಂದರು. ಹೊಲಕ್ಕೆ ನೀರು ಹಾಯಿಸುವ ಹುಡುಗಪ್ರಾಯದ ಆಳೊಬ್ಬನಿದ್ದ. ಪಕ್ಕದ ಗುಡಿಸಲಿನವನು, ಅವಳನ್ನು ಅತ್ತಿಗೆ ಎನ್ನುತ್ತಿದ್ದವನು. ಅವನೇ ಗುಂಡಿ ತೋಡಿದ. ತೋಡುವಾಗ ಅವನ ಮೂಗಿನಿಂದ ನೀರು ಸೋರುತ್ತಿತ್ತು. ಮುಚ್ಚಿದ ಮೇಲೆ ಒಂದು ಕಲ್ಲು ತಂದು ಇಟ್ಟ. ಯಜಮಾನರು ಬದುವಿನಿಂದಲೇ ಕೂಗಿದರು: "ಕಲ್ಲು ಬೇಡ. ಕುಂಟೆಗೆ ತಾಗುತ್ತೆ." ಅವನು ಕಲ್ಲು ತೆಗೆದ.

ಮುಂದಿನ ವರ್ಷ ಅವನು ಮೇಸ್ತ್ರಿಯಾದ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಯಾರೂ ಕೇಳದಿದ್ದರೂ ಹೇಳಿಕೊಂಡು ತಿರುಗಿದ. ಅತ್ತಿಗೆ ಎನ್ನುವುದನ್ನೂ ಬಿಟ್ಟ.

ಕಲ್ಲಿಲ್ಲದ ಜಾಗವನ್ನು ಗುರುತು ಹಿಡಿಯುವುದು ಹೇಗೆ? ಹೊಲ ಒಂದೇ ಸಮ. ಉತ್ತ ಮೇಲೆ ಎಲ್ಲವೂ ಒಂದೇ ಮಣ್ಣು. ಮುಂದಿನ ಮಳೆಗೆ ಅವಳು ಕೊನೆಯ ಸಾಲು ಕೇಳಿ ತೆಗೆದುಕೊಂಡು, ಬದುವಿನಿಂದ ಹೆಜ್ಜೆ ಹಾಕಿ, ಇಲ್ಲಿ ಎಂದು ಕೂತಳು. ಅಲ್ಲೊಂದು ಕಳೆ ಎದ್ದಿತ್ತು. ಗುಂಪಿನವರು ಬಿಳಿಜುಟ್ಟು ಎನ್ನುವ ಗಿಡ. ಎಲ್ಲ ಹೊಲದಲ್ಲೂ ಇರುವಂಥದ್ದು, ತುದಿಯಲ್ಲಿ ಬಿಳುಪಿಗೆ ಕೊಂಚ ಗುಲಾಬಿ ಬೆರೆತ ತೆನೆ ಬಿಡುತ್ತದೆ. ಕಳೆಗುದ್ದಲಿ ಹಾಕಲು ಹೋದ ಕೈ ನಿಂತಿತು. ಸುತ್ತಲಿನದೆಲ್ಲ ಕಿತ್ತಳು, ಅದೊಂದನ್ನು ಬಿಟ್ಟಳು. ಜೋಳ ಎತ್ತರವಾದ ಮೇಲೆ ಬದುವಿನಿಂದ ನೋಡುವವರಿಗೆ ಅದು ಕಾಣುತ್ತಿರಲಿಲ್ಲ. ಅವಳಿಗೆ ಕಾಣುತ್ತಿತ್ತು. ಅಷ್ಟು ಸಾಕಾಗಿತ್ತು.

ಕಳೆ ಕೀಳುವವಳು ಕಳೆಯನ್ನು ಬೀಜಕ್ಕೆ ಬಿಡುವುದೆಂದರೆ ಅಡುಗೆಯವಳು ಸಾರಿಗೆ ಮಣ್ಣು ಹಾಕಿದಂತೆ. ಅವಳಿಗೆ ಗೊತ್ತಿತ್ತು. ಒಂದು ತೆನೆಯಿಂದ ಲೆಕ್ಕವಿಲ್ಲದಷ್ಟು ಬೀಜ ಉದುರುತ್ತದೆ. ಕಪ್ಪಗೆ, ಮಿರಮಿರ ಮಿಂಚುವ ಬೀಜ, ಸಾಸಿವೆಗಿಂತ ಸಣ್ಣದು. ಎಲ್ಲವೂ ಮರುವರ್ಷವೇ ಹುಟ್ಟುವುದಿಲ್ಲ. ಒಂದಷ್ಟು ಹುಟ್ಟುತ್ತವೆ, ಉಳಿದವು ಮಣ್ಣಿನೊಳಗೆ ಮಲಗಿರುತ್ತವೆ, ತಮಗೆ ಬೇಕಾದ ವರ್ಷ ಏಳುತ್ತವೆ. ಅವಳು ಏಳುವುದನ್ನೆಲ್ಲ ಕೀಳುತ್ತಿದ್ದಳು, ಒಂದನ್ನು ಬಿಡುತ್ತಿದ್ದಳು. ವರ್ಷದಿಂದ ವರ್ಷಕ್ಕೆ ಮೂಲೆ ದಟ್ಟವಾಯಿತು. ಕುಂಟೆ ಎಳೆದ ಕಡೆಗೆಲ್ಲ ಬೀಜ ನಡೆಯಿತು. ಮತ್ತೆ ಬಸುರಾಗಲಿಲ್ಲ. ಗಂಡ ಲಾರಿಗಳಿಗೆ ಮೂಟೆ ಹೊರಲು ಹೋದವನು ಅಪರೂಪಕ್ಕೆ ಬರುತ್ತಿದ್ದ, ಬಂದರೂ ಆ ಮಾತು ಎತ್ತುತ್ತಿರಲಿಲ್ಲ. ಅತ್ತೆಯೂ ಎತ್ತುತ್ತಿರಲಿಲ್ಲ. ಆದರೆ ಮೇಸ್ತ್ರಿ ಸಾಲು ನೋಡಲು ಬಂದಾಗ ಅತ್ತೆ ಆ ಕಡೆಯೇ ನಿಂತಿರುತ್ತಿದ್ದಳು. "ಆ ಮೂಲೆ ನೀರು ನಿಲ್ಲೋ ಜಾಗ, ಅದೇನು ಕಿತ್ತರೂ ಅಷ್ಟೇ" ಎನ್ನುತ್ತಿದ್ದಳು. ಇಬ್ಬರೂ ಒಂದೇ ಒಲೆಯ ಮುಂದೆ ಕೂತು ಉಂಡು, ಒಂದೇ ಚಾಪೆಯ ಮೇಲೆ ಮಲಗಿ, ಆ ಗಿಡದ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಜಡೆ ಬಿಚ್ಚಿಸಿದ ದಿನ ಅತ್ತೆಯ ನೆತ್ತಿ ಎಲ್ಲರೆದುರು ಬೋಳಾಯಿತು. ಸಂಜೆ ಸೊಸೆ ಚೌರಿಯನ್ನು ತೊಳೆದು, ಒಣಗಿಸಿ, ಬಾಚಿ ಕೊಟ್ಟಳು. ಅತ್ತೆ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಕಟ್ಟಿಕೊಳ್ಳಲಿಲ್ಲ.

"ಅತ್ತೆ, ನಾನು ಹೇಳಿಬಿಡ್ತೀನಿ."

"ಯಾರಿಗೆ ಹೇಳ್ತೀಯ? ಕೇಳೋ ಕಿವಿ ಇದ್ದಿದ್ರೆ ಅವತ್ತೇ ಕೇಳ್ತಿತ್ತು. ಸುಮ್ನೆ ಮಲಗು."

ಆ ವಾರ ಮಣ್ಣಿನ ಮೇಡಂ ಬಂದರು. ಯಜಮಾನರು ದೊಡ್ಡ ಊರಿನಿಂದ ಕರೆಸಿದ್ದರು. ಚಿಕ್ಕ ವಯಸ್ಸಿನ ಹುಡುಗಿ, ಬೂಟು ಹಾಕಿಕೊಂಡು, ತಾನೇ ಕಬ್ಬಿಣದ ಕೊಳವೆಯನ್ನು ನೆಲಕ್ಕೆ ಹೊಡೆದು ಮಣ್ಣು ತೆಗೆಯುತ್ತಿದ್ದಳು. ಹೊಲದ ಅಲ್ಲಲ್ಲಿ ತೆಗೆದಳು. ಮೂಲೆಯಲ್ಲಿ ಬಿಳಿಜುಟ್ಟು ಕಂಡು ಅಲ್ಲಿ ಜಾಸ್ತಿ ತೆಗೆದಳು. ಮಣ್ಣಿನೊಳಗೆ ಎಷ್ಟು ಕಳೆಬೀಜ ಇದೆ ಎಂದು ತೊಳೆದು ನೋಡುವುದು ಅವಳ ಕೆಲಸ. ನೀರು ಹಾಕಲು ಒಬ್ಬರು ಬೇಕೆಂದಳು. ಮೇಸ್ತ್ರಿ ಕೊನೆಸಾಲಿನವಳನ್ನು ಕಳಿಸಿದ.

ಗೋದಾಮಿನ ಹಿಂದೆ, ನಲ್ಲಿಯ ಪಕ್ಕ, ಒಂದರ ಕೆಳಗೊಂದು ಜರಡಿ. ಮೇಲಿನದು ದೊಡ್ಡ ಕಣ್ಣಿನದು, ಕೆಳಗಿನದು ಬಟ್ಟೆಯಷ್ಟು ನಯ. ಮೇಡಂ ಮಣ್ಣು ಸುರಿಯುವಳು, ಅವಳು ನೀರು ಬಿಡುವಳು. ಕೆಂಪು ನೀರು ಜರಡಿಗಳನ್ನು ದಾಟಿ ಚರಂಡಿಗೆ ಹರಿಯುವುದು. ಚೀಲಗಳಿಗೆ ಚೀಟಿ ಅಂಟಿಸಿದ್ದರು. ಅವಳಿಗೆ ಓದಲು ಬಾರದು. ಆದರೆ ಆ ಮೂಲೆಯ ಮಣ್ಣು ಅವಳಿಗೆ ಚೀಟಿ ಬೇಕಿಲ್ಲದೆ ಗೊತ್ತಾಯಿತು. ಕಪ್ಪು ಹೆಚ್ಚು, ಅಂಟು ಹೆಚ್ಚು.

"ನೀರು ಬಿಡಿ ಅಕ್ಕ" ಎಂದಳು ಮೇಡಂ.

ಅವಳು ನೀರು ಬಿಟ್ಟಳು. ಮಣ್ಣು ಕರಗಿತು. ಕರಗಿ ಇಳಿದು ಹರಿದು ಹೋಯಿತು. ಅವಳು ಚರಂಡಿಯನ್ನೇ ನೋಡುತ್ತಿದ್ದಳು. ಕೈ ಮಾತ್ರ ಚೊಂಬು ಹಿಡಿದು ನೀರು ಬಿಡುತ್ತಲೇ ಇತ್ತು. ಕೊನೆಯ ಜರಡಿಯಲ್ಲಿ ಬೇರಿನ ಚೂರು, ಕಸ, ಮತ್ತು ಕಪ್ಪಗೆ ಮಿಂಚುವ ಬೀಜ, ಒಂದು ಹಿಡಿ.

"ಅಬ್ಬ, ಇದು ಯಾರೋ ಬೇಕಂತಲೇ ಬಿತ್ತಿದ ಹಾಗಿದೆಯಲ್ಲ" ಎಂದು ಮೇಡಂ ನಕ್ಕಳು. ತನ್ನ ಫ್ಲಾಸ್ಕಿನಿಂದ ಅರ್ಧ ಟೀ ಬಗ್ಗಿಸಿ ಅವಳಿಗೂ ಕೊಟ್ಟಳು. ಒಳ್ಳೆಯ ಹುಡುಗಿ. ಅವಳದೇನೂ ತಪ್ಪಿಲ್ಲ. ಟೀ ಬಿಸಿಯಾಗಿತ್ತು, ಸಿಹಿಯಾಗಿತ್ತು, ಅವಳು ಅದನ್ನು ಕುಡಿಯದೆ ಪಕ್ಕಕ್ಕಿಟ್ಟಳು.

ಬೀಜ ಎಲ್ಲಿಂದ ಎಂದು ಈಗ ಯಜಮಾನರಿಗೆ ತಿಳಿಯಿತು. ಹೆಂಗಸರ ಜಡೆ ಬಿಚ್ಚಿಸಿದ್ದು ತಪ್ಪಾಯಿತು ಎಂದು ಅವರೇನೂ ಅನ್ನಲಿಲ್ಲ. ಟಬ್ಬು, ಗೋಣಿತಾಟು ಅಲ್ಲೇ ಇದ್ದವು, ಜಡೆಗಳು ದಿನವೂ ಬಿಚ್ಚುತ್ತಲೇ ಇದ್ದವು. ಮೂಲೆಯ ಮಣ್ಣನ್ನು ಮೊಳಕಾಲುದ್ದ ತೆಗೆದು ಹೊರಗೆ ಹಾಕಿಸಬೇಕು, ಬೀಜದ ಬೇರೇ ಹೋಗಬೇಕು ಎಂದರು. ತೆಗೆದ ಮಣ್ಣು ಹೊಸ ಗೋದಾಮಿನ ಪಾಯಕ್ಕೆ ಆಗುತ್ತದೆ. ಮೇಲೆ ಸಿಮೆಂಟು ಹಾಕಿದರೆ ಒಂದು ಬೀಜವೂ ಹುಟ್ಟುವುದಿಲ್ಲ. ಒಂದೇ ಏಟಿಗೆ ಎರಡು ಕೆಲಸ ಎಂದು ಯಜಮಾನರಿಗೆ ಖುಷಿಯಾಯಿತು.

ಮರುದಿನ ಬೆಳಿಗ್ಗೆ ಹೆಂಗಸರಿಗೆ ಕಳೆಗುದ್ದಲಿ ಬದಲು ಗುದ್ದಲಿ, ಬುಟ್ಟಿ ಕೊಟ್ಟರು. ಮೂಲೆಯ ಜೋಳ, ತೊಗರಿ ಆಗಲೇ ಕೊಯ್ದು ಹಾಕಿದ್ದರು. ಬಿಳಿಜುಟ್ಟುಗಳು ಮಾತ್ರ ನಿಂತಿದ್ದವು. ಯಜಮಾನರು, ಮೇಡಂ, ಮೇಸ್ತ್ರಿ ಬದುವಿನ ಮೇಲೆ.

"ಏ ಕೊನೆಸಾಲು, ನಿನ್ನ ಮೂಲೆ ತಾನೇ, ನೀನೇ ಶುರು ಮಾಡು" ಎಂದ ಮೇಸ್ತ್ರಿ.

ಅವಳು ಗುದ್ದಲಿ ಕೆಳಗಿಟ್ಟಳು. ಎಸೆಯಲಿಲ್ಲ. ಮಗುವನ್ನು ಮಲಗಿಸಿದಷ್ಟು ಮೆಲ್ಲಗೆ ಇಟ್ಟಳು. ಆಮೇಲೆ ಹೋಗಿ ಬಿಳಿಜುಟ್ಟುಗಳ ನಡುವೆ ಕೂತಳು.

"ನಾನು ಅಗೆಯಲ್ಲ."

"ಏನು?"

"ಅಗೆಯಲ್ಲ. ಇಲ್ಲಿ ನನ್ನ ಮಗು ಇದೆ."

ಯಜಮಾನರು ಮೇಸ್ತ್ರಿಯ ಮುಖ ನೋಡಿದರು.

"ಏನಯ್ಯ ಇದು? ಇಲ್ಲೇನಿದೆ?"

ಮೇಸ್ತ್ರಿ ನೆಲ ನೋಡಿದ. "ಏನೂ ಇಲ್ಲ ಯಜಮಾನ್ರೇ. ಅವಳಿಗೆ ಮೊದಲಿಂದಲೂ ತಲೆ ಸರಿ ಇಲ್ಲ."

"ನೀನೇ ತೋಡಿದ್ದು" ಎಂದಳು ಅವಳು. ದನಿ ಏರಿಸಲಿಲ್ಲ. "ಮೂಗು ಒರೆಸ್ಕೊಳ್ತಾ ತೋಡಿದೆ. ಕಲ್ಲು ತಂದಿಟ್ಟೆ. ಅವರು ತೆಗಿ ಅಂದ್ರು, ತೆಗೆದೆ. ಅವತ್ತು ನನ್ನ ಅತ್ತಿಗೆ ಅಂತಿದ್ದೆ. ಈಗ ನನ್ನ ಮುಖ ನೋಡಿ ಹೇಳು, ಇಲ್ಲಿ ಏನೂ ಇಲ್ಲ ಅಂತ."

ಅವನು ಮುಖ ಎತ್ತಲಿಲ್ಲ. "ಏನೂ ಇಲ್ಲ" ಎಂದ, ಬದುವಿಗೆ.

ಆಗ ಅತ್ತೆ ಮುಂದೆ ಬಂದಳು. ತಲೆಯ ಬಟ್ಟೆಯನ್ನು ಕಿತ್ತು ಹೆಗಲ ಮೇಲೆ ಹಾಕಿಕೊಂಡಳು. ಬೋಳು ನೆತ್ತಿ ಬಿಸಿಲಿಗೆ ಹೊಳೆಯಿತು. "ನೋಡಿ ಯಜಮಾನ್ರೇ, ಚೆನ್ನಾಗಿ ನೋಡಿ. ನನ್ನ ಹತ್ರ ಮುಚ್ಚಿಡೋಕೆ ಇನ್ನೇನೂ ಉಳಿದಿಲ್ಲ. ಬಳ್ಳಿ ಕೊಯ್ದವಳು ನಾನು. ನೀವು ಕೊಡೆ ಹಿಡ್ಕೊಂಡು ಅಲ್ಲಿ ನಿಂತಿದ್ರಿ. ಸಾಲು ಮುಗಿಸಿ ಹೋಗು ಅಂದವರು ನೀವು. ನನ್ನ ಮೊಮ್ಮಗಳು ನಿಮ್ಮ ನಾಲ್ಕು ಮಾರು ಕಳೆಗೆ ಸತ್ತಳು."

ಯಜಮಾನರ ಮುಖ ಕಪ್ಪಿಟ್ಟಿತು. "ಯಾವ ಕಾಲದ ಕಥೆ ಹೇಳ್ತಿದ್ದೀಯ? ಆ ಮಳೆಗಾಲದಲ್ಲಿ ಸತ್ತ ಎಲ್ಲರಿಗೂ ನಾನೇ ಕಾರಣವಾ?"

ಮೇಡಂ ಈಗ ಕೆಳಗಿಳಿದು ಬಂದು ಸೊಸೆಯೆದುರು ಕುಕ್ಕರುಗಾಲಲ್ಲಿ ಕೂತಳು. "ಅಕ್ಕ, ನನಗೆ ಗೊತ್ತಿರಲಿಲ್ಲ" ಎಂದಳು. "ನೀವೇ ನಿಧಾನಕ್ಕೆ ಅಗೆದು, ಆ ಮಣ್ಣನ್ನ ಬೇರೆ ಕಡೆ ತಗೊಂಡು ಹೋಗಿ. ನಾನು ಯಜಮಾನ್ರಿಗೆ ಹೇಳ್ತೀನಿ. ಒಂದು ಬುಟ್ಟಿ, ಎರಡು ಬುಟ್ಟಿ, ಎಷ್ಟು ಬೇಕೋ ಅಷ್ಟು."

"ಎಷ್ಟು ತಗೊಳ್ಳಲಿ ಮೇಡಂ?"

ಮೇಡಂಗೆ ಅರ್ಥವಾಗಲಿಲ್ಲ.

"ಕುಂಟೆ ಎಳೆದಿದ್ದಾರೆ. ನೇಗಿಲು ಹೊಡೆದಿದ್ದಾರೆ. ಎಷ್ಟು ಮಣ್ಣು ನನ್ನ ಮಗು, ಎಷ್ಟು ಮಣ್ಣು ಯಜಮಾನ್ರ ಹೊಲ ಅಂತ ಹೇಗೆ ಹೇಳ್ಲಿ? ಅವತ್ತು ನಿಮ್ಮ ಜರಡಿಗೆ ನೀರು ಬಿಟ್ಟವಳು ನಾನೇ. ಸಾಸಿವೆಗಿಂತ ಸಣ್ಣ ಬೀಜ ಸಿಕ್ಕಿತು. ಅವಳದೊಂದು ಉಗುರಾದ್ರೂ ಸಿಗುತ್ತೇನೋ ಅಂತ ನೋಡ್ತಾ ಇದ್ದೆ. ಸಿಗಲಿಲ್ಲ. ಎಲ್ಲಾ ಚರಂಡಿಗೆ ಹೋಯಿತು. ನನ್ನ ಕೈಯಾರೆ ಹೋಯಿತು."

ಮೇಡಂ ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡಳು. ಎದ್ದು, ಬದುವಿನ ಕಡೆಗೂ ಹೋಗದೆ, ಹೆಂಗಸರ ಕಡೆಗೂ ಹೋಗದೆ, ನಡುವೆ ನಿಂತುಬಿಟ್ಟಳು.

"ಎಬ್ಬಿಸ್ರಿ ಅವಳನ್ನ" ಎಂದರು ಯಜಮಾನರು. ಮೇಸ್ತ್ರಿ ಕದಲಲಿಲ್ಲ. "ಹಾಗಾದ್ರೆ ನೀವು ಅಗೀರಿ" ಎಂದು ಉಳಿದ ಹೆಂಗಸರಿಗೆ ಹೇಳಿದರು.

ಒಬ್ಬಳು ಬುಟ್ಟಿ ಕೆಳಗಿಟ್ಟಳು. ಇನ್ನೊಬ್ಬಳು ಇಟ್ಟಳು. ಬುಟ್ಟಿಗಳು ನೆಲಕ್ಕೆ ತಾಗುವ ಸದ್ದು ಒಂದಾದ ಮೇಲೊಂದು ಕೇಳಿಸಿತು. ಅವರಿಗೆ ಭಯವಿತ್ತು. ಈ ಹೊಲ ಬಿಟ್ಟರೆ ಸುತ್ತಲಿನ ಹೊಲಗಳೂ ಯಜಮಾನರ ನೆಂಟರವೇ. ಕಳೆ ಕಾಲ ಮುಗಿದರೆ ಕೊಯ್ಲಿನ ತನಕ ಹೊಟ್ಟೆಗೆ ತಣ್ಣೀರು ಬಟ್ಟೆ. ಅದೆಲ್ಲ ಗೊತ್ತಿದ್ದೂ ಇಟ್ಟರು. ಅವರಲ್ಲಿ ಒಬ್ಬಳು, ಎಲ್ಲರಿಗಿಂತ ಚಿಕ್ಕವಳು, ಅವತ್ತು ಹೆರಿಗೆಗೆ ಬಟ್ಟೆ ಹಿಡಿದು ನಿಂತಿದ್ದವಳ ಮಗಳು. ಹೋಗುವ ಮುಂಚೆ ಅವಳು ಬದುವಿನ ಮೇಲಿದ್ದ ಟಬ್ಬನ್ನು ಕಾಲಿನಿಂದ ಒದ್ದಳು. ನೀರು ಯಜಮಾನರ ಚಪ್ಪಲಿಯ ತನಕ ಹರಿಯಿತು.

ಕಳೆ ಕೀಳುವ ಕೆಲಸ ಅರ್ಧಕ್ಕೇ ನಿಂತಿತು. ಇಕ್ಕೆಲದ ಸಾಲುಗಳಲ್ಲಿ ಕಳೆ ಜೋಳದ ಮೊಣಕಾಲು ಹಿಡಿಯಿತು. ಯಜಮಾನರು ಬೇರೆ ಊರಿಂದ ಆಳು ಕರೆಸಿದರು, ಅವರು ಒಂದು ದಿನ ಬಂದು ಸುದ್ದಿ ತಿಳಿದು ಮತ್ತೆ ಬರಲಿಲ್ಲ. ಅಷ್ಟಾದರೂ ಆಯಿತಲ್ಲ ಎಂದು ಗುಡಿಸಲುಗಳಲ್ಲಿ ಹೇಳಿಕೊಂಡರು. ಹೌದು, ಅಷ್ಟಾಯಿತು. ಆದರೆ ಮಣ್ಣು ತೆಗೆಯಲು ಹೆಂಗಸರೇ ಬೇಕೆಂದು ಎಲ್ಲಿದೆ? ಯಜಮಾನರು ಜೆಸಿಬಿ ತರಿಸಿದರು.

ಸೊಸೆ ಹೋಗಿ ನಿಂತಳು. ಅತ್ತೆ ಬೇಡ ಎಂದಳು, ಆಮೇಲೆ ತಾನೂ ಬಂದಳು. ಬದುವಿನ ಆಚೆ, ರಸ್ತೆಯಲ್ಲಿ ನಿಲ್ಲಬಹುದು, ಹೊಲದೊಳಗೆ ಕಾಲಿಡಕೂಡದು ಎಂದು ಹೇಳಿ ಕಳಿಸಿದ್ದರು. ಜೆಸಿಬಿಯವನಿಗೆ ಜಾಗ ತೋರಿಸಲು ಮೇಸ್ತ್ರಿ ಮೂಲೆಗೆ ಹೋದ. ಹೋಗುವ ಮುಂಚೆ ಅವನು ಚಪ್ಪಲಿ ಬಿಟ್ಟ. ಯಾರೂ ಬಿಡು ಎಂದಿರಲಿಲ್ಲ. ಬದುವಿನ ಮೇಲೆ ಜೋಡಿಸಿಟ್ಟು, ಬರಿಗಾಲಲ್ಲಿ ಬಿಳಿಜುಟ್ಟುಗಳ ನಡುವೆ ನಡೆದು, ಇಲ್ಲಿಂದ ಇಲ್ಲಿಗೆ ಎಂದು ಕೈ ತೋರಿಸಿದ. ಅತ್ತೆ ಅದನ್ನು ನೋಡಿ ರಸ್ತೆಗೆ ಉಗಿದಳು.

ಕಬ್ಬಿಣದ ಹಲ್ಲು ಮಣ್ಣಿಗೆ ಇಳಿಯಿತು. ಒಂದು ಸಲಕ್ಕೇ ಗಿಡಗಳೆಲ್ಲ ಬುಡಮೇಲಾದವು. ಅವಳು ಅಳುತ್ತಾಳೆ ಎಂದು ಅತ್ತೆ ಅವಳ ತೋಳು ಹಿಡಿದಿದ್ದಳು. ಅವಳು ಅಳಲಿಲ್ಲ. ಒಂದೊಂದು ಹಿಡಿಯನ್ನೂ ನೋಡುತ್ತಿದ್ದಳು, ಯಾವುದು ಎಂದು. ಯಾವುದೂ ಬೇರೆ ಥರ ಇರಲಿಲ್ಲ. ಎಲ್ಲ ಮಣ್ಣೇ. ಇಷ್ಟು ವರ್ಷ ಕಾದು ಕೂತ ಜಾಗ ಟೀ ಕುಡಿಯುವಷ್ಟರಲ್ಲಿ ಹಳ್ಳವಾಯಿತು.

ಟ್ರೈಲರ್ ತುಂಬಿದ ಟ್ರ್ಯಾಕ್ಟರ್ ಬದು ಹತ್ತಿ ರಸ್ತೆಗೆ ಬಂತು. ಅವಳು ಅತ್ತೆಯ ಕೈ ಬಿಡಿಸಿಕೊಂಡು ನಡುರಸ್ತೆಗೆ ಹೋಗಿ ನಿಂತಳು. ಡ್ರೈವರ್ ಗಾಬರಿಯಾಗಿ ಬ್ರೇಕ್ ಒತ್ತಿದ. ಮಣ್ಣು ಒಮ್ಮೆ ಮುಂದಕ್ಕೆ ಜಾರಿ ನಿಂತಿತು. ಹಿಂದಿನಿಂದ ಯಜಮಾನರ ಕೂಗು ಕೇಳಿಸುತ್ತಿತ್ತು.

"ನಾನು ಬಾಡಿಗೆಯವನು ಅಕ್ಕ" ಎಂದ ಡ್ರೈವರ್. "ನನಗೇನೂ ಗೊತ್ತಿಲ್ಲ. ದಾರಿ ಬಿಡಿ."

"ಬಿಡ್ತೀನಪ್ಪ."

ಅವಳು ಪಕ್ಕಕ್ಕೆ ಬಂದಳು. ಟ್ರೈಲರಿನ ಅಂಚಿನ ಮೇಲೆ ಚೆಲ್ಲಲು ಹತ್ತಿರವಾಗಿದ್ದ ಮಣ್ಣನ್ನು ಎರಡೂ ಕೈಯಿಂದ ಒಳಗೆ ಸರಿಸಿದಳು. ತಟ್ಟಿ ಸಮ ಮಾಡಿದಳು.

"ಮುಂದೆ ದಾರಿ ಕೆಟ್ಟಿದೆ" ಎಂದಳು. "ಎತ್ತಿ ಎತ್ತಿ ಹಾ‌ಕುತ್ತೆ. ನಿಧಾನಕ್ಕೆ ಹೋಗು."